ಸಾವಿರ ಬೀಡಿಯ ಕೂಲಿಗೆ ಬಾಡಿಗೆ ಮನೆ ಸಿಗುವುದಿಲ್ಲ

ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಸಭೆಗೆ ಬಂಟ್ವಾಳದ ಕಡೆಯ ಹೆಂಗಸೊಬ್ಬರು ಬಂದಿದ್ದರು. ತೋಳಿನ ತುಂಬ ಬಾಸುಂಡೆ. "ಇಷ್ಟು ಹೊಡೆತ ತಿಂದು ಯಾಕಮ್ಮ ಅಲ್ಲೇ ಇದ್ದೀರಿ?" ಎಂದು ನಮ್ಮಲ್ಲೊಬ್ಬರು ಕೇಳಿದರು. "ಬೀಡಿ ಕಟ್ಟಿದ ದುಡ್ಡಲ್ಲಿ ಬಾಡಿಗೆ ಕೊಟ್ಟು ಮಕ್ಕಳನ್ನು ಸಾಕ್ಲಿಕ್ಕೆ ಆಗ್ತದಾ ಅಕ್ಕ?" ಎಂದರು ಅವರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು. ಬಡತನಕ್ಕೆ ಕಾರಣಗಳೆಂದು ಜನಸಂಖ್ಯೆ, ಅನಕ್ಷರತೆ, ಉಳಿತಾಯದ ಕೊರತೆ ಎಂದೆಲ್ಲ ಬರೆಸುತ್ತಿದ್ದೆ. ಕಡಿಮೆ ಕೂಲಿ ಎಂಬುದು ಆ ಪಟ್ಟಿಯ ಕೊನೆಯಲ್ಲಿ ಎಲ್ಲೋ ಇರುತ್ತಿತ್ತು. ಪರೀಕ್ಷೆಯಲ್ಲಿ ಅದನ್ನು ಬಿಟ್ಟರೂ ಅಂಕ ಕಳೆಯುತ್ತಿರಲಿಲ್ಲ, ಈಗ ನಾಚಿಕೆಯಾಗುತ್ತದೆ.

ಬೀಡಿ ಕಟ್ಟುವವರು ಸೋಮಾರಿಗಳಲ್ಲ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ ಸಾವಿರ ಬೀಡಿ ಮುಗಿಸಲು ಕೈ ಚುರುಕಿನವರಿಗೂ ಇಡೀ ದಿನ ಬೇಕು. ಕೂಲಿ ಗಂಟೆಗಲ್ಲ, ಸಾವಿರಕ್ಕೆ. ಕೊಟ್ಟ ಎಲೆಯಲ್ಲಿ ಹರಿದದ್ದು ಹೆಚ್ಚಿದ್ದರೆ ನಷ್ಟ ಕಟ್ಟುವವಳದು. ಬ್ರಾಂಚಿನಲ್ಲಿ ಸರಿಯಿಲ್ಲವೆಂದು ತೆಗೆದಿಟ್ಟ ಬೀಡಿಯ ಶ್ರಮವೂ ಅವಳದೇ. ಶಾಲೆ ಬಿಟ್ಟು ಬಂದ ಮಗಳು ಎಲೆ ಕತ್ತರಿಸುತ್ತಾಳೆ, ಅತ್ತೆ ನೂಲು ಕಟ್ಟುತ್ತಾರೆ. ಪುಸ್ತಕದಲ್ಲಿ ಹೆಸರು ಒಂದೇ, ಕೂಲಿಯೂ ಒಂದೇ. ಹೆಣ್ಣು ನೋಡಲು ಬಂದವರು "ಬೀಡಿ ಕಟ್ಟಲು ಬರುತ್ತದೋ?" ಎಂದು ಕೇಳುವುದನ್ನು ಕೇಳಿದ್ದೇನೆ. ಬರುತ್ತದೆ ಎಂದರೆ ವರದಕ್ಷಿಣೆಯೇನೂ ಇಳಿಯುವುದಿಲ್ಲ.

ಕನಿಷ್ಠ ವೇತನ ಕಾಯ್ದೆ 1948ರಲ್ಲೇ ಬಂತು. ಕನಿಷ್ಠವೆಂದರೆ ಎಷ್ಟು ಎಂಬುದನ್ನು 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಬಿಡಿಸಿ ಹೇಳಿತು. ದುಡಿಯುವ ಒಬ್ಬರ ಕೂಲಿಯಲ್ಲಿ ಮೂರು ವಯಸ್ಕರ ಪ್ರಮಾಣದ ಊಟ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪದ ಖರ್ಚು ಇರಬೇಕು. ಹೆಂಗಸರ ಮತ್ತು ಮಕ್ಕಳ ಸಂಪಾದನೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಒಂದೇ ಕೂಲಿಯಲ್ಲಿ ಸಂಸಾರ ನಡೆಯಲಿ ಎಂಬ ಒಳ್ಳೆಯ ಉದ್ದೇಶವೇ ಅದು. ಆದರೆ ಲೆಕ್ಕಕ್ಕೆ ಹಿಡಿಯದ ಹೆಂಗಸಿನ ದುಡಿಮೆ ನಮ್ಮ ಸಮಾಜದಲ್ಲಿ ಮೇಲುಖರ್ಚಿನ ಕಾಸಾಗಿ ಉಳಿಯಿತು. ಗಂಡ ಸಾಕುತ್ತಾನಲ್ಲ, ಇವಳಿಗೆ ಇಷ್ಟು ಸಾಕು ಎಂಬ ಮನೋಭಾವ. ಗಂಡ ಹೊಡೆಯುವಾಗ ಈ ಲೆಕ್ಕ ಏನಾಗುತ್ತದೆ?

1991ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಕ್ಕಳ ಓದು, ಔಷಧ, ಹಬ್ಬಹರಿದಿನ, ಮುಪ್ಪು, ಮದುವೆ ಇವುಗಳಿಗೂ ಕನಿಷ್ಠ ವೇತನದಲ್ಲಿ ಶೇಕಡಾ 25ರಷ್ಟು ಭಾಗ ಇರಬೇಕೆಂದು ತೀರ್ಪು ಕೊಟ್ಟಿತು. (ಮದುವೆಗೆಂದರೆ ವರದಕ್ಷಿಣೆಗೆ ಎಂದು ಯಾರೂ ಓದಿಕೊಳ್ಳುವುದು ಬೇಡ.)

ಗೆಳತಿಯರೇ, ಈಗ ನಿಮ್ಮ ಸಂಘದ ಸಾಲದ ಪುಸ್ತಕ ತೆರೆಯಿರಿ. ಸಾಲ ಯಾತಕ್ಕೆಂದು ಬರೆದಿದೆ? ಶಾಲೆ ಫೀಸು, ಆಸ್ಪತ್ರೆ, ಮದುವೆ. ಕೂಲಿಯೊಳಗೇ ಇರಬೇಕೆಂದು ನ್ಯಾಯಾಲಯ ಹೇಳಿದ್ದನ್ನೇ ನಾವು ಬಡ್ಡಿ ಕೊಟ್ಟು ಸಾಲವಾಗಿ ತರುತ್ತಿದ್ದೇವೆ. ವಾರವಾರದ ಉಳಿತಾಯ ಬೇಡವೆಂದು ನಾನು ಹೇಳುವುದಿಲ್ಲ, ಎಷ್ಟೋ ಮನೆಗಳನ್ನು ಅದು ಬಡ್ಡಿಯವರ ಕೈಯಿಂದ ಬಿಡಿಸಿದೆ. ಆದರೆ ಸಿಗದ ಕೂಲಿಯಲ್ಲಿ ಉಳಿಸುವುದೇನನ್ನು?

ಮುಂದಿನ ಸಭೆಗೆ ಉಳಿತಾಯದ ಪುಸ್ತಕದ ಜೊತೆ ಬೀಡಿ ಪುಸ್ತಕವನ್ನೂ ತನ್ನಿ. ಒಂದು ವಾರ ಎಷ್ಟು ಗಂಟೆ ಕೂತಿರಿ, ಮನೆಯವರು ಯಾರು ಕೈಜೋಡಿಸಿದರು, ಎಷ್ಟು ಬೀಡಿ ತಳ್ಳಿಹಾಕಿದರು ಎಂದು ಬರೆದಿಡಿ. ಓದು ಬಾರದವರಿಗೆ ಮಕ್ಕಳು ಬರೆದುಕೊಡಲಿ. ಆ ಲೆಕ್ಕ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಒಟ್ಟಾಗಿ ಹೋಗೋಣ, ಬಂಟ್ವಾಳದ ಆ ತಂಗಿಯೂ ಬರುತ್ತೇನೆಂದಿದ್ದಾರೆ.