ಗಡಿ ದಾಟುವ ರೋಗಿ, ದಾಟದ ದಾಖಲೆ

ನಮ್ಮ ಚಿಕ್ಕೋಡಿ, ರಾಯಬಾಗ ಕಡೆ ಆರೋಗ್ಯ ದಾಖಲೆ ಅಂದ್ರೆ ಗೋಡೆಯ ಮೊಳೆಗೆ ನೇತುಹಾಕಿದ ಕ್ಯಾರಿಬ್ಯಾಗ್. ಒಳಗೆ ಎಕ್ಸ್‌ರೇ, ಶುಗರ್ ರಿಪೋರ್ಟು, ಮಡಚಿ ಮಡಚಿ ಹರಿದ ಡಿಸ್ಚಾರ್ಜ್ ಕಾರ್ಡು. ರಾತ್ರಿ ಯಾರಿಗಾದರೂ ಎದೆ ನೋವು ಬಂದರೆ ಗಾಡಿಗಿಂತ ಮೊದಲು ಹುಡುಕೋದು ಅದನ್ನೇ.

ಈಗ ಅದರ ಜಾಗಕ್ಕೆ ಆಭಾ ಬಂದಿದೆ. 2021ರ ಸೆಪ್ಟೆಂಬರ್ 27ರಂದು ದೇಶದ ತುಂಬ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕಿಯ ಸಂಖ್ಯೆ. ಇಷ್ಟು ಆಭಾ ಆದವು, ಅಷ್ಟು ಆದವು ಅಂತ ಲೆಕ್ಕ ಹೇಳ್ತಾರೆ. ನಮ್ಮ ತಕರಾರು ಇರೋದು ಆ ಲೆಕ್ಕದ ಮೇಲೆಯೇ.

ಆಭಾ ಮಾಡಿಸಿದರೆ ರಿಪೋರ್ಟೆಲ್ಲ ಅದರೊಳಗೆ ಕೂತುಬಿಡುತ್ತವೆ ಅಂತ ನಮ್ಮಲ್ಲೇ ಹಲವರು ತಿಳಿದಿದ್ದಾರೆ. ಹಾಗಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ಇರುತ್ತದೆ. ರೋಗಿ ಒಪ್ಪಿದರೆ ಇನ್ನೊಂದು ಆಸ್ಪತ್ರೆ ಅದನ್ನು ತರಿಸಿಕೊಂಡು ನೋಡಬಹುದು. ಆಭಾ ಬರೀ ದಾರ. ಡಾಕ್ಟರು ಪೆನ್ನಲ್ಲಿ ಬರೆದು, ಲ್ಯಾಬಿನವರು ಪ್ರಿಂಟ್ ಕೊಟ್ಟು ಕಳಿಸಿದರೆ ಆ ದಾರಕ್ಕೆ ಪೋಣಿಸಲು ಮಣಿಯೇ ಇಲ್ಲ. ಕೌಂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಬೇಗ ಟೋಕನ್ ಸಿಗುತ್ತದೆ, ಒಳ್ಳೇದೇ. ಆದರೆ ಅದು ನೋಂದಣಿ, ಚಿಕಿತ್ಸೆಯ ದಾಖಲೆ ಅಲ್ಲ.

ಇನ್ನು ನಮ್ಮ ಗಡಿಯ ಮಾತು. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು; ಹಾಗಾಗಿ ದೊಡ್ಡ ಕಾಯಿಲೆ ಅಂದ್ರೆ ಅಥಣಿ, ಕಾಗವಾಡದವರು ಮಿರಜ-ಸಾಂಗಲಿಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗ್ತಾರೆ. ರಾಯಬಾಗದವರಿಗೆ ಮಿರಜದ ರೈಲೇ ಇದೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ 865 ಗಡಿ ಊರುಗಳಿಗೆ ತನ್ನ ಆರೋಗ್ಯ ವಿಮೆ ಕೊಡ್ತೀವಿ ಎಂದಾಗ ಎಷ್ಟು ಗದ್ದಲ ಆಯಿತು! ಅಥಣಿಯಲ್ಲಿ ತೆಗೆದ ಇಸಿಜಿ ಮಿರಜದ ಡಾಕ್ಟರ ಮುಂದೆ ತೆರೆಯೋದು ಹೇಗೆ ಅನ್ನೋ ಮಾತು ಮಾತ್ರ ನಮಗೆ ಕೇಳಿಸಲಿಲ್ಲ.

ತಾಯಿ ಕಾರ್ಡ್ ನೋಡಿ. ಕಾಗವಾಡಕ್ಕೆ ಸೊಸೆಯಾಗಿ ಬಂದವಳು ಚೊಚ್ಚಲ ಹೆರಿಗೆಗೆ ಸಾಂಗಲಿ ಕಡೆಯ ತವರಿಗೆ ಹೋಗ್ತಾಳೆ. ಕಾರ್ಡ್ ಕನ್ನಡದಲ್ಲಿದ್ದರೂ ಬಿಪಿ, ಹಿಮೋಗ್ಲೋಬಿನ್, ರಕ್ತದ ಗುಂಪು ಅಲ್ಲಿನ ನರ್ಸಿಗೂ ತಿಳಿಯುತ್ತದೆ. ಅದಕ್ಕೆ ನೆಟ್‌ವರ್ಕ್ ಬೇಡ, ಓಟಿಪಿ ಬೇಡ. ಡಿಜಿಟಲ್ ದಾಖಲೆ ಕನಿಷ್ಠ ಈ ಕಾಗದದಷ್ಟಾದರೂ ಕೆಲಸಕ್ಕೆ ಬರಬೇಕಲ್ಲವೇ?

ಓಟಿಪಿಯದೇ ಒಂದು ಕತೆ. ಅಜ್ಜಿಯ ಹೆಸರಿಗೆ ಜೋಡಿಸಿದ ನಂಬರು ಪುಣೆಯಲ್ಲಿ ದುಡಿಯುವ ಮಗನದು. ಆತ ಪಾಳಿಯಲ್ಲಿದ್ದಾನೆ, ಫೋನ್ ಲಾಕರಿನಲ್ಲಿದೆ. ‘ಒಪ್ಪಿಗೆ’ ಕೊಡಬೇಕಾದ ಅಜ್ಜಿ ಇಲ್ಲೇ ಬೆಂಚಿನ ಮೇಲೆ ಕೂತು, “ಏನ್ ಕೇಳಾಕತ್ತಾರ ತಮ್ಮಾ?” ಅಂತಾಳೆ. ಹಾಗಂತ ಒಪ್ಪಿಗೆಯನ್ನೇ ತೆಗೆದುಹಾಕಿ ಅಂತ ನಾವು ಹೇಳುತ್ತಿಲ್ಲ. ಟಿಬಿ, ಎಚ್‌ಐವಿಯಂಥ ವಿಷಯ ಊರಿಗೆಲ್ಲ ಗೊತ್ತಾದರೆ ಏನಾಗುತ್ತದೆ ಅಂತ ಹಳ್ಳಿಯವರಾದ ನಮಗೆ ಚೆನ್ನಾಗಿ ಗೊತ್ತು. ಅಜ್ಜಿಗೆ ತಿಳಿಯುವ ಕನ್ನಡದಲ್ಲೋ ಮರಾಠಿಯಲ್ಲೋ ಓದಿ ಹೇಳಿ, ಆಕೆಯಿಂದಲೇ ಕೇಳಿ ಪಡೆಯುವ ಒಪ್ಪಿಗೆ ಬೇಕು.

ಆದ್ದರಿಂದ ಎಷ್ಟು ಆಭಾ ಆದವು ಅಂತ ಎಣಿಸೋದು ಸಾಕು. ಎಷ್ಟು ರೋಗಿಗಳ ಹಳೇ ರಿಪೋರ್ಟು ಬೇರೆ ಆಸ್ಪತ್ರೆಯಲ್ಲಿ ತೆರೆಯಿತು, ಎಷ್ಟು ಜನರಿಗೆ ಎರಡನೇ ಸಲ ರಕ್ತ ಕೊಡೋದು ತಪ್ಪಿತು, ಅದನ್ನು ತಾಲ್ಲೂಕುವಾರು ಎಣಿಸಲಿ.

ನಮ್ಮ ಕಾಲೇಜುಗಳದ್ದೂ ತಪ್ಪಿದೆ. ಪ್ರತಿ ವರ್ಷ ಫೈನಲ್ ಇಯರಿನಲ್ಲಿ ಯಾರಾದರೊಬ್ಬರು ‘ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಂ’ ಮಾಡೇ ಮಾಡ್ತಾರೆ: ಲಾಗಿನ್ ಪೇಜು, ಅಪಾಯಿಂಟ್‌ಮೆಂಟು, ವೈವಾ, ಮುಗೀತು. ಸಾಫ್ಟ್‌ವೇರ್ ಮಾಡುವವರು ಪರೀಕ್ಷಿಸಿ ನೋಡಲೆಂದೇ ಮಿಷನ್‌ನ ಸ್ಯಾಂಡ್‌ಬಾಕ್ಸ್ ಇದೆ. ಈ ಸಲ ಪ್ರಾಜೆಕ್ಟ್ ಹುಡುಕುತ್ತಿರುವವರು ಅದರಲ್ಲಿ ಒಂದು ‘ಅಥಣಿ ಲ್ಯಾಬು’, ಒಂದು ‘ಮಿರಜ ಆಸ್ಪತ್ರೆ’ ಮಾಡಿ, ನಡುವೆ ಸ್ವಂತ ಫೋನಿಲ್ಲದ ಒಬ್ಬ ಅಜ್ಜಿಯನ್ನು ಕೂರಿಸಿ ನೋಡಿ.