ಕಾಲು ಕಟ್ಟಿದವರನ್ನು ನೂಕಬೇಡಿ

ಯಳಂದೂರಿನಲ್ಲಿ ಬೆಟ್ಟದ ಬಸ್ಸಿನ ಬಾಗಿಲ ಮುಂದೆ ವಯಸ್ಸಾದವರೊಬ್ಬರು ಗಕ್ಕನೆ ನಿಂತರೆ ಹಿಂದಿನವರು ನೂಕುತ್ತಾರೆ. ‘ಬೆಳಗ್ಗೇನೇ ಏರಿಸ್ಕಂಡವ್ರೆ’ ಎಂದು ಯಾರೋ ನಗುತ್ತಾರೆ. ಕಂಡಕ್ಟರು ‘ರೈಟ್’ ಅಂದೇಬಿಡುತ್ತಾರೆ.

ಸ್ವಾಮಿ, ಅದು ಕುಡಿತವೂ ಅಲ್ಲ, ಹಟವೂ ಅಲ್ಲ. ಪಾರ್ಕಿನ್ಸನ್ ಕಾಯಿಲೆ ಇದ್ದೀತು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ಬರೆದಿಟ್ಟ ನಡುಕದ ರೋಗ. ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾಗುತ್ತದೆ. ಕೆಲವರಿಗೆ ಪಾದ ನೆಲಕ್ಕೆ ಅಂಟಿದಂತಾಗುತ್ತದೆ, ಅದೂ ಬಾಗಿಲು, ಇಕ್ಕಟ್ಟು, ತಿರುವುಗಳಲ್ಲೇ ಹೆಚ್ಚು. ಅವಸರಪಡಿಸಿದರೆ ಇನ್ನೂ ಜಾಸ್ತಿ. ವಿಚಿತ್ರವೆಂದರೆ, ಸಮನೆಲದಲ್ಲಿ ಕಾಲೆತ್ತಲಾಗದ ಎಷ್ಟೋ ಮಂದಿ ಮೆಟ್ಟಿಲು ಹತ್ತಬಲ್ಲರು. ದಾಟಲು ಗೆರೆಯೊಂದು ಕಣ್ಣಿಗೆ ಬಿದ್ದರೆ ಕಾಲು ಏಳುವುದುಂಟು. ರಂಗಪ್ಪನ ಗುಡಿಯ ಮೆಟ್ಟಿಲು ಹತ್ತಿಬಂದವರು ಬಸ್ಸಿನ ಬಳಿ ನಿಂತುಬಿಟ್ಟರೆ ನಾಟಕ ಅನ್ನಬೇಡಿ.

ರಟ್ಟೆ ಹಿಡಿದು ಎಳೆದರೆ ಬಿದ್ದು ಸೊಂಟ ಮುರಿದೀತು. ಒಂದು ಗಳಿಗೆ ಬಿಡಿ. ನೆಲದ ಮೇಲೆ ಗೆರೆ ತೋರಿಸಿ ‘ಇದನ್ನ ದಾಟಿ ಯಜಮಾನ್ರೇ’ ಅನ್ನಿ, ಇಲ್ಲವೇ ‘ಒಂದು, ಎರಡು’ ಎಂದು ಎಣಿಸಿ. ಅಂಗಡಿಯವರು ಬಾಗಿಲಿಗೆ ಅಡ್ಡವಿಟ್ಟ ಮೂಟೆ, ಡಬ್ಬಗಳನ್ನು ಪಕ್ಕಕ್ಕೆ ಸರಿಸಲಿ.

ಲೆವೊಡೊಪಾ ಮಾತ್ರೆಯಿದೆ. ನಸುಗುನ್ನಿ ಬೀಜದಲ್ಲೂ ಅದೇ ಅಂಶವಿದೆ ನಿಜ, ಆದರೆ ಅಳತೆ ತಿಳಿಯದೆ ಪುಡಿ ನುಂಗುವುದು ಅಪಾಯ. ನರರೋಗದ ಡಾಕ್ಟರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಇರುವುದೇ ಇಂಥದಕ್ಕೆ. ಸಾರಿಗೆ ಸಂಸ್ಥೆಯವರು ಕಂಡಕ್ಟರುಗಳಿಗೆ ಈ ವಿಷಯವನ್ನೂ ಹೇಳಿಕೊಡಲಿ. ಅರ್ಧ ನಿಮಿಷ ತಡವಾದರೆ ಬಸ್ಸಿಗೇನೂ ನಷ್ಟವಿಲ್ಲ.