ಗ್ರಹಣ ಹಿಡಿದದ್ದು ಚಂದ್ರನಿಗಲ್ಲ, ಟಿವಿಗೆ

ಏನೂ ಬರೀದೆ ಬಹಳ ದಿನ ಆಯ್ತು. ಕೆಲಸ, ರಿಲೀಸು, ಮತ್ತೆ ಅದೇ ಕೆಲಸ.. ನೆಪಗಳಿಗೇನು ಬರ. ಆದರೆ ಇದೊಂದನ್ನ ಬರೆಯದೇ ಇದ್ರೆ ಹೊಟ್ಟೆಯೊಳಗಿನ ಉರಿ ಆರಲ್ಲ. ಸ್ವಲ್ಪ ಉದ್ದ ಆಗಬಹುದು, ಸಹಿಸ್ಕೊಳ್ಳಿ.

2025ರ ಸೆಪ್ಟೆಂಬರ್ 7, ಭಾನುವಾರ. ವಾರಾಂತ್ಯಕ್ಕೆ ಅಂತ ಬೆಂಗಳೂರಿಂದ ರಾಣೆಬೆನ್ನೂರಿಗೆ ಹೋಗಿದ್ದೆ. ಅಕ್ಕ ಏಳು ತಿಂಗಳ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ಲು. ಬಸುರಲ್ಲೇ ಕಾಣಿಸಿಕೊಂಡ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇನ್ಸುಲಿನ್. ಸೂಜಿ ಚುಚ್ಚಿಕೊಂಡ ಮೇಲೆ ಊಟ ತಪ್ಪಿಸಲೇಬಾರದು ಅಂತ ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ರು.

ಆವತ್ತು ರಾತ್ರಿ ಪೂರ್ಣ ಚಂದ್ರಗ್ರಹಣ. ಬೆಳಗ್ಗೆ ಆರಕ್ಕೇ ನಮ್ಮನೆ ಟಿವಿಯಲ್ಲಿ ಶುರುವಾಗಿತ್ತು. ಸ್ಟುಡಿಯೋದಲ್ಲಿ ಮೂವರು ಗುರೂಜಿಗಳು, ಹಿಂದೆ ಕೆಂಪು ಗ್ರಾಫಿಕ್ಸು, ಚಂದ್ರನನ್ನು ನುಂಗೋ ಹಾವು, ಹಾರರ್ ಸಿನಿಮಾದ ಮ್ಯೂಸಿಕ್ಕು. ಕುಂಭ ರಾಶಿಯವರಿಗೆ ಗಂಡಾಂತರ, ಮೀನದವರಿಗೆ ಧನನಷ್ಟ, ಗರ್ಭಿಣಿಯರು ಹೊರಗೆ ಬಂದರೆ ಮಗುವಿಗೆ ಅಂಗವೈಕಲ್ಯ. ಮಧ್ಯಾಹ್ನ 12.57ಕ್ಕೆ ಸೂತಕ ಶುರು, ಆಮೇಲೆ ಬಾಯಿಗೆ ತುತ್ತು ಇಡಬಾರದು. ನಡುನಡುವೆ ರಕ್ಷಾಯಂತ್ರದ ಜಾಹೀರಾತು. ಅದಕ್ಕೆ ಒಂದು ಫೋನ್ ನಂಬರ್ರೂ ಉಂಟು.

ನಾನೇನು ಮಾಡ್ದೆ? ನಗಾಡ್ದೆ. ಅವ್ವನ ಹತ್ರ ವ್ಯಂಗ್ಯ ಮಾಡ್ದೆ. 'ರಾಹು ಬಂದು ನಿನ್ನ ರೊಟ್ಟಿ ತಿಂತಾನೇನು?' ಅಂದೆ. ಅವ್ವ ಮುಖ ಸಿಂಡರಿಸ್ಕೊಂಡು ಒಳಗೆ ಹೋದ್ಲು. ಅಕ್ಕ ಮಾತಾಡ್ಲಿಲ್ಲ. ನಾನು ಗೆದ್ದೆ ಅಂದ್ಕೊಂಡು ಲ್ಯಾಪ್‌ಟಾಪ್ ತೆಗೆದು ಕೂತೆ.

ರಾತ್ರಿ ಎಂಟಕ್ಕೆ ಅಕ್ಕ ದಿನದ ರೂಢಿಯಂತೆ ಇನ್ಸುಲಿನ್ ತಗೊಂಡ್ಲು. ಊಟ ಮಾತ್ರ ಮಾಡ್ಲಿಲ್ಲ! ಮಗುವಿಗೇನಾದ್ರೂ ಆದ್ರೆ ಅಂತ ಭಯ. ನಮ್ಮ ಯಾರಿಗೂ ಹೇಳಲಿಲ್ಲ, ಹೇಳಿದ್ರೆ ತಮ್ಮ ನಗ್ತಾನಲ್ಲ. ಒಂಬತ್ತರ ಹೊತ್ತಿಗೆ ಮೈಯೆಲ್ಲ ಬೆವರು, ಕೈ ಗಡಗಡ, ಮಾತು ತೊದಲು. ಬೆರಳು ಚುಚ್ಚಿ ನೋಡಿದ್ರೆ ಮೀಟರಿನಲ್ಲಿ 48. ಹೊರಗೆ ಚಂದ್ರ ಇನ್ನೂ ಬೆಳ್ಳಗೇ ಇದ್ದ. ಭೂಮಿಯ ದಟ್ಟ ನೆರಳು ಅವನನ್ನ ಮುಟ್ಟೋಕೆ ಇನ್ನೂ ಒಂದು ಗಂಟೆ ಬಾಕಿ ಇತ್ತು.

ನಾನು ಫೋನ್ ಹಿಡ್ಕೊಂಡು ಒದ್ದಾಡ್ತಿದ್ದಾಗ ಅಡುಗೆಮನೆಯಿಂದ ಸಕ್ಕರೆ ನೀರು ತಂದು ಅಕ್ಕನ ಬಾಯಿಗಿಟ್ಟದ್ದು ಯಾರು ಗೊತ್ತಾ? 82 ವರ್ಷದ ನಮ್ಮ ಅಜ್ಜಿ. ದಿನಾ ಎರಡು ಹೊತ್ತು ಪೂಜೆ ಮಾಡೋ, ದೇವರಗುಡ್ಡದ ಮಾಲತೇಶನಿಗೆ ನಡ್ಕೊಳ್ಳೋ ಅಜ್ಜಿ. 'ಕುಡಿಯವ್ವಾ ಮೊದ್ಲ. ಹೊಟ್ಟ್ಯಾಗಿನ ಕೂಸು ಹಸಗೊಂಡಿರೂಮುಂದ ಯಾ ದೇವ್ರು ಉಪಾಸ ಬೇಡ್ತಾನ? ಆ ಟೀವಿ ಬಂದ್ ಮಾಡ್ರೋ' ಅಂದ್ಲು.

ಹದಿನೈದು ನಿಮಿಷದಲ್ಲಿ ಅಕ್ಕ ಸುಧಾರಿಸಿಕೊಂಡ್ಲು. ಡಾಕ್ಟರಿಗೆ ಫೋನ್ ಮಾಡಿ, ಹೊಟ್ಟೆ ತುಂಬ ಊಟ ಮಾಡಿಸಿ, ಮತ್ತೆ ಮೀಟರು ನೋಡಿದ್ವಿ. ಸರಿ ಇತ್ತು. ನನ್ನ ಸಿಟ್ಟು ಮಾತ್ರ ಇಳೀಲಿಲ್ಲ.

ಈ ಗುರೂಜಿಗಳ ಚಾಲಾಕಿತನ ನೋಡಿ. ನೆರಳು ತಾಗೋದು 9.57ಕ್ಕೆ, ಪೂರ್ಣ ಗ್ರಹಣ 11ರಿಂದ 12.22ರ ತನಕ, ಎಲ್ಲ ಮುಗಿಯೋದು 1.26ಕ್ಕೆ ಅಂತಾರೆ. ಅಷ್ಟೂ ಕರೆಕ್ಟು! ನೋಡ್ತಾ ಕೂತವರಿಗೆ 'ಅಬ್ಬಾ, ಟೈಮ್ ಇಷ್ಟು ಕರಾರುವಾಕ್ಕಾಗಿ ಹೇಳಿದ್ರಲ್ಲ, ಹಾಗಾದ್ರೆ ಧನನಷ್ಟವೂ ನಿಜ ಇರಬೇಕು' ಅನ್ಸುತ್ತೆ. ಆದರೆ ಆ ಟೈಮು ಗಣಿತದ್ದು, ಸಾವಿರಾರು ವರ್ಷ ಆಕಾಶ ನೋಡಿ ಲೆಕ್ಕ ಬರೆದಿಟ್ಟವರದ್ದು. ಕ್ರಿ.ಶ. 499ರಲ್ಲಿ, 23 ವರ್ಷದ ಹುಡುಗ ಆರ್ಯಭಟ, ಚಂದ್ರನನ್ನ ಮುಚ್ಚೋದು ಭೂಮಿಯ ನೆರಳು, ಸೂರ್ಯನನ್ನ ಮುಚ್ಚೋದು ಚಂದ್ರ ಅಂತ ಬರೆದಿಟ್ಟ. ಸಾವಿರದ ಐನೂರು ವರ್ಷಕ್ಕೂ ಹೆಚ್ಚಾಯ್ತು. ಅಸಲು ಹಾಕಿದ್ದು ಆರ್ಯಭಟ, ಬಡ್ಡಿ ತಿನ್ನೋರು ಇವರು.

ಜ್ಯೋತಿಷ್ಯದ ಪಾಲನ್ನೂ ಪರೀಕ್ಷೆ ಮಾಡಿದೋರು ಇದ್ದಾರೆ. 2008ರಲ್ಲಿ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಅವರ ಸಂಗಡಿಗರು (2013ರಲ್ಲಿ ಪುಣೆಯಲ್ಲಿ ಕೊಲೆಯಾದ ನರೇಂದ್ರ ದಾಭೋಲ್ಕರ್ ಕೂಡ ಅವರಲ್ಲೊಬ್ಬರು) 200 ಮಕ್ಕಳ ಜಾತಕ ಸೇರಿಸಿದ್ರು. ಅರ್ಧ ಪ್ರತಿಭಾವಂತ ಮಕ್ಕಳದ್ದು, ಇನ್ನರ್ಧ ಬುದ್ಧಿಮಾಂದ್ಯ ಮಕ್ಕಳದ್ದು. ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕ ಕೊಟ್ಟು, ಯಾವುದು ಯಾವ ಗುಂಪಿನದ್ದು ಹೇಳಿ ಅಂದ್ರು. 27 ಜನ ಉತ್ತರ ಕಳಿಸಿದ್ರು. ಸರಿಯಾದದ್ದು ಸರಾಸರಿ ಶೇಕಡಾ 46. ನಾಣ್ಯ ಚಿಮ್ಮಿದ್ರೂ 50 ಬರ್ತಿತ್ತು ಸ್ವಾಮಿ! ನಮ್ಮ ಆಫೀಸಿನಲ್ಲಿ ಇಂಥ ರಿಸಲ್ಟ್ ಇಟ್ಕೊಂಡು ಯಾವನಾದ್ರೂ ರಿಲೀಸ್ ಮಾಡೋಣ ಅಂದ್ರೆ ಮ್ಯಾನೇಜರು ಲ್ಯಾಪ್‌ಟಾಪ್ ಕಿತ್ಕೊಂಡು ಮನೆಗೆ ಕಳಿಸ್ತಾರೆ. ಟಿವಿಯಲ್ಲಿ ದಿನಾ ಬೆಳಗ್ಗೆ ಹೊಸದಾಗಿ ರಿಲೀಸು.

'ಹೋಗ್ಲಿ ಬಿಡಪ್ಪಾ, ಅವರವರ ನಂಬಿಕೆ' ಅಂತ ಕೆಲವರು ಅಂತಾರೆ. ಈ ಮಾತು ನನಗೆ ಅರ್ಥ ಆಗಲ್ಲ. ಕೋಣೆಯೊಳಗೆ ಕೂತು ಜಪ ಮಾಡೋದು ನಂಬಿಕೆ. ಬೆಳಗ್ಗೆಯಿಂದ ರಾತ್ರಿ ತನಕ ಭಯ ಹುಟ್ಟಿಸಿ ಜಾಹೀರಾತು ಮಾರೋದು ವ್ಯಾಪಾರ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯ ಇರೋ ಮಕ್ಕಳನ್ನ, ವಾಸಿಯಾಗುತ್ತೆ ಅಂತ, ಕುತ್ತಿಗೆ ತನಕ ಮಣ್ಣಲ್ಲಿ ಹೂತಿದ್ರು. ಆ ಮೂಢನಂಬಿಕೆ ಹಳೇದು, ಟಿವಿ ಹುಟ್ಟಿಸಿದ್ದಲ್ಲ, ಒಪ್ತೀನಿ. ಆದರೆ ಗ್ರಹಣದ ದಿನ ಇಡೀ ನಾಡು ಕಣ್ಣು ನೆಟ್ಟು ಕೂತಿರೋದು ಟಿವಿ ಮುಂದೆ. 'ಇದರಿಂದ ಏನೂ ವಾಸಿ ಆಗಲ್ಲ' ಅಂತ ಹೇಳೋ ಶಕ್ತಿ ಯಾರಿಗಾದ್ರೂ ಇದ್ರೆ ಅದು ಅದಕ್ಕೇ. ಆ ಶಕ್ತೀನ ಅದು ಹಾವಿನ ಗ್ರಾಫಿಕ್ಸಿಗೆ ಖರ್ಚು ಮಾಡುತ್ತೆ.

ಕಾನೂನು ಇಲ್ವಾ ಅಂದ್ರೆ, ಇದೆ. ಕೇಬಲ್ ಟಿವಿಯ 1994ರ ನಿಯಮಗಳಲ್ಲೇ ಮೂಢನಂಬಿಕೆಗೆ ಉತ್ತೇಜನ ಕೊಡೋ ಕಾರ್ಯಕ್ರಮ ಪ್ರಸಾರ ಮಾಡಬಾರದು ಅಂತ ಬರೆದಿದೆ. ವೈಜ್ಞಾನಿಕ ಮನೋಭಾವ ಬೆಳೆಸೋದು ನಾಗರಿಕನ ಕರ್ತವ್ಯ ಅಂತ 1976ರಲ್ಲೇ ಸಂವಿಧಾನಕ್ಕೆ ಸೇರಿದೆ. ನಮ್ಮ ರಾಜ್ಯ 2017ರಲ್ಲಿ ಮೌಢ್ಯ ನಿಷೇಧ ಕಾಯ್ದೆ ಮಾಡ್ತು, 2020ರಲ್ಲಿ ಜಾರಿಗೂ ಬಂತು. ಆದ್ರೆ ಜ್ಯೋತಿಷ್ಯ, ವಾಸ್ತುವಿಗೆ ವಿನಾಯಿತಿ ಕೊಟ್ಟು! ಬೇಲಿ ಹಾಕಿ ಗೇಟ್ ತೆರೆದಿಟ್ಟ ಹಾಗೆ.

ಇನ್ನೊಂದು ವಾದ ಇದೆ. ಇಸ್ರೋದವರೇ ತಿರುಪತಿಗೆ ಹೋಗ್ತಾರಲ್ಲ? ಹೌದು, 2023ರ ಜುಲೈನಲ್ಲಿ ಚಂದ್ರಯಾನ-3ರ ಪುಟ್ಟ ಮಾದರಿ ತಗೊಂಡು ಹೋಗಿದ್ರು. ಹೋಗಲಿ, ನನ್ನದೇನೂ ತಕರಾರಿಲ್ಲ. ಆದ್ರೆ ಆಗಸ್ಟ್ 23ಕ್ಕೇ ಯಾಕೆ ಇಳಿಸಿದ್ರು? ಇಳಿಯೋ ಜಾಗದಲ್ಲಿ ಆವಾಗ ತಾನೇ ಸೂರ್ಯ ಹುಟ್ಟಿದ್ದ. ಅಲ್ಲಿನ ಒಂದು ಹಗಲು ಅಂದ್ರೆ ನಮ್ಮ 14 ದಿನ, ಸೌರಫಲಕಕ್ಕೆ ಅಷ್ಟೂ ದಿನ ಬಿಸಿಲು ಬೇಕಿತ್ತು. ಮುಹೂರ್ತ ಅಂದ್ರೆ ಇದು! ಆವತ್ತು ಸಂಜೆ 6.04ಕ್ಕೆ ಇದೇ ಚಾನೆಲ್ಲುಗಳು ಬೆಂಗಳೂರಿನಿಂದ ನೇರಪ್ರಸಾರ ಮಾಡಿ ಕಣ್ಣೀರು ಹಾಕಿದ್ವು. ಮಾರನೇ ಬೆಳಗ್ಗೆ ಅದೇ ಸ್ಕ್ರೀನಿನಲ್ಲಿ ಚಂದ್ರ ಯಾವ ರಾಶಿಗೆ ಕಾಟ ಕೊಡ್ತಾನೆ ಅಂತ ಲೆಕ್ಕ.

ಈಗ ನನ್ನ ವಿಷಯ. ನಾನು ನಾಸ್ತಿಕ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಎಚ್. ನರಸಿಂಹಯ್ಯನವರ 'ಹೋರಾಟದ ಹಾದಿ' ಓದಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ಮಾಡಿದ ಮನುಷ್ಯ. ಪ್ರಶ್ನೆ ಕೇಳೋದು ತಪ್ಪಲ್ಲ ಅನ್ನೋ ಧೈರ್ಯ ಬಂದದ್ದು ಆ ಪುಸ್ತಕದಿಂದ. ಆದರೆ ಅವರು ಇನ್ನೊಂದು ಕೆಲಸವನ್ನೂ ಮಾಡಿದ್ರು, ಅದನ್ನ ನಾನು ಮರೆತೇ ಬಿಟ್ಟಿದ್ದೆ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸ ಏರ್ಪಡಿಸಿದ್ರು. ಬರೀ ಬೈಲಿಲ್ಲ, ತೋರಿಸಿದ್ರು. ನಾನು? ಬೈದೆ, ನಕ್ಕೆ, ಲ್ಯಾಪ್‌ಟಾಪ್ ತೆಗೆದೆ. ಅಕ್ಕನಿಗೆ ಆವತ್ತು ಟಿವಿ ಭಯ ಕೊಡ್ತು, ನಾನು ನಾಚಿಕೆ ಕೊಟ್ಟೆ. ಅವಳಿಗೆ ಬೇಕಾಗಿದ್ದದ್ದನ್ನ ಇಬ್ಬರೂ ಕೊಡಲಿಲ್ಲ.

ದೇವರಿಲ್ಲ ಅಂದ್ರೆ ಬದುಕು ಬೋಳುಬೋಳು ಅನ್ಸಲ್ವಾ ಅಂತ ಗೆಳೆಯರು ಕೇಳ್ತಾರೆ. ಬೋಳಾ? ನಮ್ಮೂರಲ್ಲೇ ನೋಡಿ. ಪಕ್ಕದ ಬ್ಯಾಡಗಿ ಮೆಣಸಿನಕಾಯಿ ಕಡುಕೆಂಪು, ಖಾರ ಮಾತ್ರ ಕಮ್ಮಿ. ಬಣ್ಣಕ್ಕೊಂದು ರಾಸಾಯನಿಕ, ಖಾರಕ್ಕೆ ಇನ್ನೊಂದು. ಖಾರದ್ದು ಕ್ಯಾಪ್ಸೈಸಿನ್. ಅದು ನಮ್ಮ ನರದಲ್ಲಿ ಮುಟ್ಟೋದು ಬಿಸಿಯನ್ನ ಗುರುತಿಸೋ ಸ್ವಿಚ್ಚನ್ನೇ. ಅದಕ್ಕೇ ಮೆಣಸಿನಕಾಯಿ ಕಚ್ಚಿದ್ರೆ ಬಾಯಿ 'ಸುಡುತ್ತೆ'. ಆ ಸ್ವಿಚ್ಚನ್ನ ಮೆಣಸಿನಕಾಯಿಯ ಖಾರ ಹಿಡ್ಕೊಂಡೇ ಹುಡುಕಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಹಕ್ಕಿಗಳಲ್ಲೂ ಆ ಸ್ವಿಚ್ ಇದೆ, ಆದ್ರೆ ಖಾರಕ್ಕೆ ಅದು ಮಿಸುಕಲ್ಲ. ಹಕ್ಕಿ ಬೀಜ ಅಗಿಯೋದಿಲ್ಲ, ನುಂಗಿ ಎಲ್ಲೋ ಹಾಕುತ್ತೆ, ಗಿಡ ಹುಟ್ಟುತ್ತೆ. ಅಗಿದು ಹಾಳು ಮಾಡೋ ಪ್ರಾಣಿಗೆ ಖಾರ, ಬೀಜ ಹಂಚೋ ಹಕ್ಕಿಗೆ ಹಬ್ಬ! ಅವ್ವನ ಕೆಂಪು ಚಟ್ನಿ ಎದುರಿಗಿಟ್ಕೊಂಡು ಇದನ್ನ ನೆನೆಸಿಕೊಂಡ್ರೆ ನನಗೆ ಮೈ ಜುಮ್ ಅನ್ನುತ್ತೆ. ಇದನ್ನ ಯಾವ ಚಾನೆಲ್ಲಾದ್ರೂ ಅರ್ಧ ಗಂಟೆ ತೋರಿಸಿದ್ದುಂಟಾ?

ನಂಬುವವರ ಮೇಲೆ ನನಗೆ ದ್ವೇಷ ಇಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಜೊತೆ ಮಹಾನವಮಿಗೆ ದೇವರಗುಡ್ಡದ ಕಾರ್ಣಿಕ ನೋಡೋಕೆ ಹೋಗ್ತಿದ್ದೆ. ಗೊರವಯ್ಯ ಬಿಲ್ಲೇರಿ ನಿಲ್ತಾನೆ, ಅಷ್ಟೂ ಜನ ಉಸಿರು ಬಿಗಿ ಹಿಡಿದು ಸುಮ್ಮನಾಗ್ತಾರೆ, ಅವನು ಒಂದೇ ಒಂದು ಮಾತು ಕೂಗಿ ಕೆಳಗೆ ಬೀಳ್ತಾನೆ. ಮಳೆ-ಬೆಳೆ ಹೆಂಗಂತೆ ಅಂತ ಮಾತಾಡ್ಕೊಂಡು ರೈತರು ಮನೆಗೆ ಹೋಗ್ತಾರೆ. ಅದು ಭವಿಷ್ಯ ಅಂತ ನಾನು ನಂಬಲ್ಲ, ಆದ್ರೆ ಆ ಮೌನ ನನಗೆ ಇವತ್ತಿಗೂ ಇಷ್ಟ. ಸ್ಟುಡಿಯೋದವರು ಆ ಒಂದು ಮಾತು ಹಿಡ್ಕೊಂಡು ಯಾವ ಮುಖ್ಯಮಂತ್ರಿ ಕುರ್ಚಿ ಅಲ್ಲಾಡುತ್ತೆ ಅಂತ ಸಂಜೆ ತನಕ ಅರಚ್ತಾರಲ್ಲ, ಅಲ್ಲಿ ಮೌನವೂ ಇಲ್ಲ, ಭಕ್ತಿಯೂ ಇಲ್ಲ. ಅಜ್ಜಿಗೂ ನನಗೂ ಇಬ್ಬರಿಗೂ ಮೋಸ ಅದು.

ಆವತ್ತು ರಾತ್ರಿಗೆ ವಾಪಸ್ ಬರ್ತೀನಿ. ಹನ್ನೊಂದೂವರೆಗೆ ಮಾಳಿಗೆ ಹತ್ತಿದೆ. ಮೋಡ ಬಂದು ಹೋಗ್ತಿತ್ತು. ಒಂದು ಸಂದಿಯಲ್ಲಿ ಚಂದ್ರ ಕಂಡ, ತಾಮ್ರದ ತಂಬಿಗೆ ಥರ. ಕೆಳಗೆ ಓಡಿ ಅಕ್ಕನ್ನ ಕೇಳ್ದೆ, ಈ ಸಲ ನಗದೆ. 'ಬರ್ತೀಯಾ? ಬೇಡ ಅಂದ್ರೆ ಬೇಡ.' ಅವಳು ಅಜ್ಜಿ ಮುಖ ನೋಡಿದ್ಲು. ಅಜ್ಜಿ ತಾನೇ ಎದ್ದು 'ನಡೀರಿ, ನಾನೂ ಬರ್ತೀನಿ. ಎಂಟು ಗ್ರಹಣ ಬಾಗಿಲಾ ಹಾಕ್ಕೊಂಡು ಕುಂತೀನಿ, ಒಂದನ್ನರ ನೋಡೂಣು' ಅಂದ್ಲು.

ಮೂವರೂ ಮಾಳಿಗೆ ಮೇಲೆ ಕೂತ್ವಿ. ಆ ಕೆಂಪು ಎಲ್ಲಿಂದ ಬಂತು ಅಂತ ಅಕ್ಕ ಕೇಳಿದ್ಲು. ಆ ಹೊತ್ತಿಗೆ ಭೂಮಿ ಸುತ್ತ ಎಲ್ಲೆಲ್ಲಿ ಸೂರ್ಯ ಹುಟ್ತಾ ಇದ್ದಾನೋ, ಎಲ್ಲೆಲ್ಲಿ ಮುಳುಗ್ತಾ ಇದ್ದಾನೋ, ಆ ಅಷ್ಟೂ ಬೆಳಕು ನಮ್ಮ ಗಾಳಿಯಲ್ಲಿ ಸೋಸಿ, ಬಾಗಿ, ಸುಮಾರು 3.8 ಲಕ್ಷ ಕಿಲೋಮೀಟರ್ ದೂರದ ಚಂದ್ರನ ಮೇಲೆ ಬೀಳ್ತಿದೆ ಅಂದೆ. ಪ್ರಪಂಚದ ಎಲ್ಲ ಮುಂಜಾನೆ, ಎಲ್ಲ ಮುಸ್ಸಂಜೆ ಒಟ್ಟಿಗೆ. ಪ್ರತಿ ಹುಣ್ಣಿಮೆಗೂ ಯಾಕಾಗಲ್ಲ ಅಂತಲೂ ಕೇಳಿದ್ಲು. ಚಂದ್ರನ ದಾರಿ 5 ಡಿಗ್ರಿ ಓರೆ, ಬಹಳಷ್ಟು ಸಲ ನೆರಳಿನ ಮೇಲೋ ಕೆಳಗೋ ಹೋಗಿಬಿಡ್ತಾನೆ. (ಎಂಜಿನಿಯರಿಂಗ್ ಓದಿಯೂ 25 ವರ್ಷದ ತನಕ ನನಗೇ ಗೊತ್ತಿರಲಿಲ್ಲ, ಅವಳಿಗೆ ಹೇಳ್ಬೇಡಿ.) ಅಜ್ಜಿ ಎಲ್ಲ ಕೇಳಿಸ್ಕೊಂಡು ಕೈ ಮುಗಿದ್ಲು. ನಾನು ಮುಗೀಲಿಲ್ಲ. ನೋಡ್ತಿದ್ದ ಚಂದ್ರ ಮಾತ್ರ ಒಬ್ಬನೇ.

ನವೆಂಬರಿನಲ್ಲಿ ಅಕ್ಕನಿಗೆ ಹೆಣ್ಣು ಮಗು ಆಯ್ತು. ಎರಡು ಕಣ್ಣು, ಎರಡು ಕಿವಿ, ಹತ್ತು ಬೆರಳು, ಗಂಟಲಂತೂ ಬಹಳ ಜೋರು. ಗುರೂಜಿಗಳಿಗೆ ಯಾರಾದ್ರೂ ತಿಳಿಸಿಬಿಡಿ.

2028ರ ಡಿಸೆಂಬರ್ 31ಕ್ಕೆ ಮತ್ತೊಂದು ಪೂರ್ಣ ಚಂದ್ರಗ್ರಹಣ, ರಾತ್ರಿ ಹತ್ತೂಕಾಲರ ಸುಮಾರಿಗೆ ಆಕಾಶದಲ್ಲಿ ಚೆನ್ನಾಗಿ ಮೇಲೇರಿರುತ್ತೆ. ಆಗ ನನ್ನ ಸೊಸೆಗೆ ಮೂರು ವರ್ಷ. ಹೊಸ ವರ್ಷದ ಪಾರ್ಟಿ ಇಲ್ಲ, ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಮಾಳಿಗೆ ಹತ್ತೋದು. ಆವತ್ತು ನೀವೂ ಟಿವಿ ಆರಿಸಿ, ಮನೆಯ ಬಸುರಿ ಹೆಣ್ಣುಮಕ್ಕಳಿಗೆ ಹೊಟ್ಟೆ ತುಂಬ ಊಟ ಹಾಕಿ, ಎಲ್ಲರನ್ನೂ ಕರ್ಕೊಂಡು ಹೊರಗೆ ಬನ್ನಿ. ವ್ಯಂಗ್ಯ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ನಾನು ಕಲಿತದ್ದು ಅಷ್ಟೇ.

ಏನಂತೀರಾ?